ಗುರೆಟ್ಸ್ಕಿ, ಹೆನ್ರಿಕ್ (1933-2010)

ಪೋಲೆಂಡಿನ ಸ್ವರಸಂಯೋಜಕ. ಸೈಲೀಷಿಯ ಪ್ರಾಂತ್ಯದ ಚೆರ್ನಿತ್ಸದಲ್ಲಿ 1933ರ ಡಿಸೆಂಬರ್ 6ರಂದು ಜನಿಸಿದ. ಎರಡರ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ. ಕಾಟೊವಿಟ್ಸೆಯಲ್ಲಿ ಬೊಲೆಸ್ವಾಫ್ ಶಾಬೆಲ್ಸ್ಕಿಯ ಬಳಿ ಕಲಿತು, ಮುಂದೆ ಅಲ್ಲಿಯೇ ಬೋಧಿಸಿದ. 1960ರ 'ಸ್ಕೊಂಟ್ರಿ'ಯಂಥ ಆರಂಭದ ಕೃತಿಗಳು ಕರ್ಕಶ, ಪ್ರಯೋಗಪ್ರಿಯ. ಆಮೇಲೆ ಜನಪದ ಮಟ್ಟುಗಳತ್ತ, ಚರ್ಚಿನ ಹಳೆಯ ಗಾಯನದತ್ತ ಹೊರಳಿದ.

ಈತನ ಮೇರುಕೃತಿ 1976ರಲ್ಲಿ ರಚಿತವಾದ ಮೂರನೆಯ ಸಿಂಫನಿ, 'ಶೋಕಗೀತೆಗಳ ಸಿಂಫನಿ'. ಮೊದಲ ಭಾಗದಲ್ಲಿ ಒಂದೇ ರಾಗಧಾರೆ ಡಬಲ್ ಬಾಸ್‌ಗಳ ಮಂದ್ರದಿಂದ ಪದರಪದರವಾಗಿ ಮೇಲೇರುತ್ತದೆ. ನಡುವೆ ಒಂಟಿ ಹೆಣ್ಣುದನಿ ಮೇರಿಮಾತೆಯ ಪ್ರಲಾಪವನ್ನು ಹಾಡಿದ ಬಳಿಕ ಆ ರಾಗಧಾರೆ ಮತ್ತೆ ಕೆಳಗಿಳಿದು ಅಡಗುತ್ತದೆ. ಎರಡನೆಯ ಭಾಗದ ಸಾಹಿತ್ಯ, ಜಕೊಪಾನೆಯಲ್ಲಿದ್ದ ನಾಜಿ ಗುಪ್ತಪೊಲೀಸ್ ಗೆಸ್ಟಾಪೊದ ಸೆರೆಮನೆಯ ಗೋಡೆಯ ಮೇಲೆ 18ರ ಹುಡುಗಿಯೊಬ್ಬಳು ಬರೆದ ಪ್ರಾರ್ಥನೆ. ಮೂರನೆಯದು ಮಗನನ್ನು ಕಳೆದುಕೊಂಡ ತಾಯಿಯ ಜನಪದ ಹಾಡು. ಇಷ್ಟು ಕಡಿಮೆ ಸ್ವರಗಳಲ್ಲಿ ಇಷ್ಟು ದುಃಖವನ್ನು ಹಿಡಿದಿಟ್ಟ ಕೃತಿ ಆ ಶತಮಾನದಲ್ಲಿ ವಿರಳ. ಡಾನ್ ಅಪ್‌ಶಾ ಹಾಡಿದ 1992ರ ಧ್ವನಿಮುದ್ರಿಕೆಯ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಕ್ರೋನೋಸ್ ಕ್ವಾರ್ಟೆಟ್ ವಾದ್ಯತಂಡಕ್ಕಾಗಿ ಮೂರು ತಂತಿವಾದ್ಯ ಚತುಷ್ಟಯಗಳನ್ನು ರಚಿಸಿದ. ಪೋಲೆಂಡಿನ ಸ್ವತಂತ್ರ ಕಾರ್ಮಿಕ ಸಂಘ ಸಾಲಿಡಾರಿಟಿಯ ಕಾರ್ಯಕರ್ತರ ಮೇಲಿನ ಪೊಲೀಸ್ ದೌರ್ಜನ್ಯಕ್ಕೆ ಮರುಗಿ 1981ರಲ್ಲಿ ಬರೆದ 'ಮಿಸೆರೆರೆ' ಎಂಬ ವೃಂದಗಾನ 1987ರವರೆಗೂ ವೇದಿಕೆ ಕಾಣಲಿಲ್ಲ. 2010ರ ನವೆಂಬರ್ 12ರಂದು ಕಾಟೊವಿಟ್ಸೆಯಲ್ಲಿ ತೀರಿಕೊಂಡ. ಅಪೂರ್ಣವಾಗಿದ್ದ ನಾಲ್ಕನೆಯ ಸಿಂಫನಿಯನ್ನು ಮಗ ಮಿಕೊವಾಯ್ ಪೂರ್ತಿಗೊಳಿಸಿದ. 2014ರಲ್ಲಿ ಅದು ಲಂಡನ್ನಿನಲ್ಲಿ ಮೊದಲು ನುಡಿಯಿತು.