ಪುಣೆಯಲ್ಲಿ ಮತಚರ್ಚೆಯ ಪರಂಪರೆ

ಯೆರವಡಾ ಎಂದೊಡನೆ ಎಲ್ಲರ ಕಣ್ಣ ಮುಂದೆ ನಿಲ್ಲುವುದು ಸೆರೆಮನೆಯ ಗೋಡೆ. ಅಲ್ಲಿಂದ ನಗರ ರಸ್ತೆಯಲ್ಲಿ ಸ್ವಲ್ಪ ಮುಂದೆ, ರಾಮವಾಡಿಯಲ್ಲಿ, ಪಾದ್ರಿಗಳಾಗುವವರು ಓದುವ ಪೇಪಲ್ ಸೆಮಿನರಿ ಇದೆ. 1893ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಹುಟ್ಟಿದ ಈ ಸಂಸ್ಥೆ 1955ರಲ್ಲಿ ಪುಣೆಗೆ ಬಂದಿತು. ಈ ಸುತ್ತಿನಲ್ಲಿ ಸಂಸಾರ ಹೂಡಿರುವ ನಮ್ಮ ಕನ್ನಡ ಕುಟುಂಬಗಳಿಗೆ ಆಗಾಗ ಒಂದು ಪ್ರಶ್ನೆ ಎದುರಾಗುತ್ತದೆ. ನೆರೆಯವರು ಮತವಿಚಾರದ ಭಾಷಣಕ್ಕೆ ಕರೆಯುತ್ತಾರೆ. ಕಾಲೇಜಿಗೆ ಹೋಗುವ ಮಕ್ಕಳು 'ಹೋಗಿ ಬರಲೇ?' ಎನ್ನುತ್ತಾರೆ. ಹೂಂ ಎನ್ನಬೇಕೆ, ಬೇಡವೆನ್ನಬೇಕೆ? ಈ ಪ್ರಶ್ನೆ ಹೊಸತಲ್ಲ. ಪುಣೆ ಪಟ್ಟಣವು ಒಂದು ಶತಮಾನಕ್ಕೂ ಹಿಂದೆಯೇ ಬೆಲೆ ತೆತ್ತು ಇದರ ಪಾಠ ಕಲಿತಿದೆ.

ಮತಗಳ ಖಂಡನ ಮಂಡನಗಳ ಬಹಿರಂಗ ಸಭೆ ಈ ಪ್ರಾಂತಕ್ಕೆ ಹಳೆಯದೇ. ಮುಂಬಯಿಯಲ್ಲಿ 1830ರ ಸುಮಾರಿಗೆ ಪಾದ್ರಿ ಜಾನ್ ವಿಲ್ಸನ್ನರಿಗೂ ಮೋರಭಟ್ಟ ದಾಂಡೇಕರರಿಗೂ ವಾದ ನಡೆದು, ಉಭಯ ಪಕ್ಷದವರೂ ತಮ್ಮ ತಮ್ಮ ಮಾತನ್ನು ಅಚ್ಚು ಹಾಕಿಸಿದರು. 1857ರ ಆರಂಭದಲ್ಲಿ ವಿಷ್ಣುಬಾವಾ ಬ್ರಹ್ಮಚಾರಿಗಳು ಅಲ್ಲಿಯ ಕಡಲ ದಂಡೆಯಲ್ಲಿ ವಾರಕ್ಕೊಮ್ಮೆ ಕುಳಿತು, ಮಿಶನರಿಗಳ ಪ್ರಶ್ನೆಗಳಿಗೆ ಜನರೆದುರಿನಲ್ಲೇ ಉತ್ತರ ಕೊಟ್ಟರು.

ಕನ್ನಡ ನಾಡಿನಲ್ಲಿಯೂ ಇದೇ ಬಗೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಮೂರೇ ವರ್ಷಗಳಲ್ಲಿ ಧಾರವಾಡವನ್ನು ಮುಟ್ಟಿದರು. ಅವರು ಬಂದುದು ಹೇಳುವುದಕ್ಕೆ. ಆದರೆ ಹೇಳಬೇಕಾದರೆ ಮೊದಲು ಕೇಳಬೇಕಾಯಿತು. ನಮ್ಮ ಮತವನ್ನು ಖಂಡಿಸುವ ಉದ್ದೇಶದಿಂದಾದರೂ ನಮ್ಮ ಮಾತು, ಪದ, ಪುರಾಣಗಳನ್ನು ಕಲಿಯಬೇಕಾಯಿತು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗ್ ಪಾದ್ರಿಗಳೇ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟ್ಟೆಲ್ ಪಾದ್ರಿಗಳ ನಿಘಂಟು 1894ರಲ್ಲಿ ಹೊರಬಂದಿತು. ಅವರ ವಾದಗಳನ್ನು ಜನ ಮರೆತಿದ್ದಾರೆ. ಕನ್ನಡಕ್ಕಾದ ಲಾಭ ಮಾತ್ರ ಉಳಿದಿದೆ.

ಇನ್ನು ಪುಣೆಯ ಮಾತಿಗೆ ಬರೋಣ. 1890ರ ಅಕ್ಟೋಬರಿನಲ್ಲಿ ಇಲ್ಲಿಯ ಪಂಚಹೌದ ಮಿಶನ್ನಿನಲ್ಲಿ ಒಂದು ಭಾಷಣವಾಯಿತು. ಜನರನ್ನು ಕೂಡಿಸಿದವರು ಗೋಪಾಳರಾವ್ ಜೋಶಿಯವರು, ಅಮೆರಿಕದಲ್ಲಿ ವೈದ್ಯಪದವಿ ಪಡೆದ ಆನಂದೀಬಾಯಿಯವರ ಪತಿ. ರಾನಡೆ, ಟಿಳಕ, ಗೋಖಲೆಯವರಂಥ ಗಣ್ಯರೇ ಹೋಗಿದ್ದರು. ಭಾಷಣದ ಬಳಿಕ ಚಹಾ ಬಿಸ್ಕತ್ತು ಬಂದವು. ಬಂದವರ ಹೆಸರುಗಳು 'ಪುಣೆ ವೈಭವ' ಪತ್ರಿಕೆಯಲ್ಲಿ ಪ್ರಕಟವಾದವು. ಊರಿಗೆ ಊರೇ ಎದ್ದಿತು. ಶಂಕರಾಚಾರ್ಯ ಪೀಠದವರೆಗೆ ದೂರು ಹೋಗಿ ವಿಚಾರಣೆ ನಡೆಯಿತು. ಬಹಿಷ್ಕಾರದ ಬೆದರಿಕೆ ಹುಟ್ಟಿತು. ತಾವು ಕಾಶಿಯಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡುದಾಗಿ ಟಿಳಕರು ತಿಳಿಸಿದರು. 1892ರಲ್ಲಿ ರಾನಡೆಯವರೂ ಪ್ರಾಯಶ್ಚಿತ್ತಕ್ಕೆ ಒಪ್ಪಬೇಕಾಯಿತು.

ಆ ಭಾಷಣವನ್ನು ಕೇಳಿ ಈ ಮೂವರಲ್ಲಿ ಒಬ್ಬರೂ ತಮ್ಮ ಮತವನ್ನು ಬಿಡಲಿಲ್ಲ. ಆದರೂ ಊರು ಎಣಿಸಿದ್ದು ಚಹದ ಬಟ್ಟಲುಗಳನ್ನು. ಭಾಷಣಕಾರರು ಹೇಳಿದ್ದು ಸರಿಯೋ ತಪ್ಪೋ ಎಂಬ ವಿಚಾರ ಹಿಂದೆ ಬಿದ್ದಿತು. ಕೇಳಲು ಹೋದವನೇ ಅಪರಾಧಿಯಾದರೆ ಹೇಳುವವನಿಗೆ ಉತ್ತರ ಕೊಡುವವರು ಯಾರು?

ಕೇಳುವವರ ಇನ್ನೊಂದು ಕತೆ ನಮ್ಮ ನಾಡಿನ ಮಗಳದು. ತುಂಗಭದ್ರೆಯರ ಉಗಮವಾದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ತಂದೆತಾಯಿಗಳಿಂದ ಸಂಸ್ಕೃತ ಕಲಿತು, ದೇಶವನ್ನೆಲ್ಲ ಸುತ್ತಿ, 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಕಟ್ಟಿದರು. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. ಅಲ್ಲಿಯ ಗುರುಗಳು ಚರ್ಚಿನ ಎಲ್ಲ ಸಿದ್ಧಾಂತಗಳನ್ನೂ ಒಪ್ಪಬೇಕೆಂದಾಗ, ಒಂದು ನೊಗವನ್ನು ಇಳಿಸಿದ್ದು ಇನ್ನೊಂದಕ್ಕೆ ಹೆಗಲು ಕೊಡುವುದಕ್ಕಲ್ಲವೆಂದು ಅವರಿಗೂ ಎದುರು ನಿಂತರು. 1890ರಲ್ಲಿ ಮುಂಬಯಿಯಿಂದ ಪುಣೆಗೆ ಬಂದ ಅವರ ಶಾರದಾಸದನದಲ್ಲಿ ಕೆಲವು ಹುಡುಗಿಯರು ಅವರ ಪ್ರಾರ್ಥನೆಯಲ್ಲಿ ಕೂಡುತ್ತಾರೆಂಬ ಕಾರಣಕ್ಕೆ ದೊಡ್ಡ ವಿವಾದವೆದ್ದಿತು. 1893ರಲ್ಲಿ ರಾನಡೆ, ಭಾಂಡಾರಕರರು ಸಲಹಾ ಮಂಡಳಿಯನ್ನು ಬಿಟ್ಟರು. ಪಾಲಕರು ಅನೇಕ ಹುಡುಗಿಯರನ್ನು ಕರೆದೊಯ್ದರು.

ತಾನು ಯಾರನ್ನೂ ಬಲವಂತ ಮಾಡಿಲ್ಲವೆಂಬುದು ರಮಾಬಾಯಿಯವರ ಮಾತು. ಆಶ್ರಯಕ್ಕೆ ಬಂದ ಎಳೆಯರು ಹೇಗೆ ಬೇಡವೆಂದಾರು ಎಂಬುದು ಎದುರಿನವರ ಮಾತು. ಈ ಆಕ್ಷೇಪಕ್ಕೂ ತೂಕವಿದೆ. ಉಣ್ಣುವ ಅನ್ನ ಹೇಳುವವರ ಕೈಯಲ್ಲಿದ್ದಾಗ ಕೇಳುವವರ ಸ್ವಾತಂತ್ರ್ಯ ಅಷ್ಟಕ್ಕಷ್ಟೇ. ಆದರೆ ಆ ಬಾಲವಿಧವೆಯರಿಗೆ ಅನ್ನವಿಕ್ಕಲು ಆಕ್ಷೇಪಿಸಿದವರಲ್ಲಿ ಎಷ್ಟು ಜನ ಮುಂದೆ ಬಂದಿದ್ದರು? ನಮ್ಮಂಥ ಲೆಕ್ಕದವರ ಮಾತಿನಲ್ಲಿ ಹೇಳುವುದಾದರೆ, ಖರ್ಚಿನ ಪುಟವೊಂದನ್ನೇ ನೋಡಿ ಶಿಲ್ಕು ತೆಗೆದಂತಾಯಿತು. ಇದಕ್ಕೆ ನಿಜವಾದ ಉತ್ತರ ಕೊಟ್ಟವರು ಧೋಂಡೋ ಕೇಶವ ಕರ್ವೆಯವರು. ಅವರು ಶಾರದಾಸದನದಲ್ಲಿ ಓದಿದ ವಿಧವೆಯನ್ನೇ ಮದುವೆಯಾಗಿ, 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ತಾವೇ ಒಂದು ಆಶ್ರಮ ತೆರೆದರು.

ಮುಂದೆ 1930ರಲ್ಲಿ ಯೆರವಡಾ ಸೆರೆಮನೆಯಿಂದ ಗಾಂಧೀಜಿಯವರು ಪ್ರತಿ ಮಂಗಳವಾರ ಸಾಬರಮತಿ ಆಶ್ರಮಕ್ಕೆ ಪತ್ರ ಬರೆಯುತ್ತಿದ್ದರು. ಸೆರೆಮನೆಯನ್ನು ಅವರು ಕರೆದದ್ದು ಯೆರವಡಾ ಮಂದಿರವೆಂದು. ಆ ಪತ್ರಗಳಲ್ಲಿ ಎರಡು ಸರ್ವಧರ್ಮ ಸಮಭಾವವನ್ನು ಕುರಿತವು. ಅನ್ಯಮತಗಳನ್ನು ಬರಿದೆ ಸಹಿಸಿಕೊಂಡರೆ ಸಾಲದು; ಸಹಿಸುತ್ತೇನೆ ಎನ್ನುವಲ್ಲಿಯೇ ಅವು ನನ್ನದಕ್ಕಿಂತ ಕೀಳೆಂಬ ಭಾವ ಅಡಗಿದೆ ಎಂಬುದು ಅವರ ವಿಚಾರ. ಬಾಲ್ಯದಲ್ಲಿ ರಾಜಕೋಟೆಯ ಶಾಲೆಯ ಬಳಿ ಮಿಶನರಿಯೊಬ್ಬರು ಹಿಂದೂ ದೇವತೆಗಳನ್ನು ಬೈಯುವುದನ್ನು ಒಮ್ಮೆ ಕೇಳಿ, ಮತ್ತೆ ಆ ಕಡೆ ನಿಲ್ಲದವರು ಅವರು. ಅವರೇ ದಕ್ಷಿಣ ಆಫ್ರಿಕದಲ್ಲಿ ಕ್ರೈಸ್ತ ಮಿತ್ರರ ಪ್ರಾರ್ಥನಾಸಭೆಗಳಿಗೆ ಹೋಗಿ ಕುಳಿತರು, ಕೊಟ್ಟ ಗ್ರಂಥಗಳನ್ನು ಓದಿದರು, ತಮ್ಮ ಮತದಲ್ಲಿಯೇ ಉಳಿದರು. ಬೈಗಳು ಕಿವಿಯನ್ನು ಮುಚ್ಚಿಸಿತು, ಸ್ನೇಹ ತೆರೆಯಿಸಿತು.

ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ 1948ರ ಡಿಸೆಂಬರ್ 6ರಂದು ನಡೆಯಿತು. ಮತವನ್ನು ಪ್ರಸಾರ ಮಾಡುವ ಹಕ್ಕು ಬೇಡವೆಂದು ಕೆಲವರು ವಾದಿಸಿದರು. ಟಿ. ಟಿ. ಕೃಷ್ಣಮಾಚಾರಿಯವರು ಎದ್ದು, ತಾವು ಸುಮಾರು ಹದಿನಾಲ್ಕು ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸುವ ಯತ್ನವೇ ನಡೆಯಲಿಲ್ಲವೆಂದರು. ಕೊನೆಗೆ ಆ ಹಕ್ಕು 25ನೆಯ ವಿಧಿಯಲ್ಲಿ ಉಳಿಯಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದರ ಗಡಿಯನ್ನು ಗುರುತಿಸಿ, ತನ್ನ ಮತವನ್ನು ವಿವರಿಸಿ ಹೇಳುವ ಹಕ್ಕು ಉಂಟು, ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಇದರಲ್ಲಿ ಸೇರಿಲ್ಲ ಎಂದು ತೀರ್ಪಿತ್ತಿತು. ಅಂತಃಕರಣದ ಸ್ವಾತಂತ್ರ್ಯ ಎಲ್ಲರದೂ ಎಂಬುದು ಅದರ ಆಧಾರ. ಹೇಳುವವನಿಗೆ ನಾಲಗೆಯ ಹಕ್ಕು. ಕೇಳುವವನಿಗೆ ಹೂಂ ಎನ್ನುವ, ಒಲ್ಲೆ ಎನ್ನುವ ಹಕ್ಕು. ಧರ್ಮನಿರಪೇಕ್ಷ ರಾಜ್ಯವೆಂದರೆ ಧರ್ಮದ ಮಾತೇ ಆಡದ ರಾಜ್ಯವಲ್ಲ. ಈ ಎರಡು ಹಕ್ಕುಗಳನ್ನೂ ಸಮನಾಗಿ ಕಾಯುವ ರಾಜ್ಯ.

ಆದುದರಿಂದ ಮಕ್ಕಳು ಕೇಳಿದಾಗ ಹೋಗಿ ಬನ್ನಿರೆಂದೇ ಹೇಳೋಣ. ಅದಕ್ಕೆ ಮೊದಲು ನಮ್ಮ ಮನೆಯ ವಚನ, ಕೀರ್ತನೆಗಳ ಪರಿಚಯವನ್ನೂ ಅವರಿಗೆ ಮಾಡಿಕೊಡೋಣ. ಪರವೂರಿನಲ್ಲಿರುವ ನಮಗೆ ಆ ಹೊಣೆ ಇನ್ನೂ ಹೆಚ್ಚು. ತನ್ನದನ್ನು ತಿಳಿಯದವನು ಪರರ ಮಾತಿಗೆ ಹೆದರುತ್ತಾನೆ. ತಿಳಿದವನು ಧೈರ್ಯವಾಗಿ ಪ್ರಶ್ನೆ ಕೇಳುತ್ತಾನೆ. ಹಾಗೆಯೇ ನಮ್ಮ ಸಂಘದ ದಾಸ ಜಯಂತಿಗೂ ಬಸವ ಜಯಂತಿಗೂ ನೆರೆಯ ಕ್ರೈಸ್ತ, ಮುಸಲ್ಮಾನ ಬಂಧುಗಳನ್ನು ಕರೆಯೋಣ. ಬಂದವರಿಗೆ ಚಹಾ ಕೊಡೋಣ. ಈ ಪುಣೆಯಲ್ಲಿ ಅದಕ್ಕೆ ಯಾರೂ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಕಾಲ ಮತ್ತೆ ಬರದಿರಲಿ.