ಟೇಸನ್ ಅಂದ್ರೆ ತಪ್ಪೇನು?

ನಮ್ಮೂರು ಹಿರೇಹಡಗಲಿ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದವನು ಮೊದಲ ಇಂಟರ್‌ವ್ಯೂನಲ್ಲೇ ‘ಇಸ್ಕೂಲ್’ ಅಂದೆ. ಎದುರಿಗಿದ್ದವರು ಮುಖ ಮುಖ ನೋಡಿಕೊಂಡು ನಕ್ಕರು. ಆ ಸಿಟ್ಟು ತೀರಿಸಿಕೊಂಡಿದ್ದು ಮಾತ್ರ ಅಪ್ಪನ ಮೇಲೆ. ಫೋನಲ್ಲಿ ಅವರು ‘ಪೊಲೀಸ್ ಟೇಸನ್’ ಅಂದಾಗಲೆಲ್ಲ ತಿದ್ದುತ್ತಿದ್ದೆ. ಒಂದಿನ ಅಪ್ಪ, “ಆತು ಬಿಡಪ್ಪ, ಇನ್ಮ್ಯಾಲೆ ನಿನ್ನ ಮುಂದ ಇಂಗ್ಲಿಷ್ ಮಾತಾಡಂಗಿಲ್ಲ” ಅಂದ್ರು. ಇವತ್ತಿನ ಕಂತು ಆ ಮಾತಿನ ಬಗ್ಗೆ.

ಅಪ್ಪನ ಇಂಗ್ಲಿಷ್ ಎಲ್ಲಿಂದ ಬಂತು? 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ರು. ಅಲ್ಲಿಂದ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯ ಸೇರುವವರೆಗೆ ಹಡಗಲಿ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ. ಕೋರ್ಟು, ಆಪೀಸು, ಟೇಸನ್ನು ನಮ್ಮ ಹಿರಿಯರಿಗೆ ಪುಸ್ತಕದಿಂದ ಬಂದವಲ್ಲ, ಕಿವಿಯಿಂದ ಬಂದವು. ಪದದ ಮೊದಲಿಗೇ ಒತ್ತಕ್ಷರ ಬಂದ್ರೆ ನಮ್ಮ ನಾಲಿಗೆ ಒಂದೋ ಅದರಲ್ಲೊಂದನ್ನ ಬಿಡುತ್ತೆ, ಇಲ್ಲಾ ಮುಂದೆ ‘ಇ’ ಹಚ್ಚುತ್ತೆ. ಕೊನೆಗೆ ‘ಉ’ ಸೇರಿಸುತ್ತೆ. ಅದಕ್ಕೂ ಒಂದು ನಿಯಮ ಇದೆ.

ಇದಕ್ಕೆ ಸಾಕ್ಷಿ ಬೇಕಂದ್ರೆ ನಮ್ಮೂರಲ್ಲೇ ಸಿಕ್ಕ ತಾಮ್ರಪಟಗಳನ್ನ ನೋಡಿ. ಸುಮಾರು 4ನೇ ಶತಮಾನದ್ದು, ಪಲ್ಲವ ರಾಜ ಶಿವಸ್ಕಂದವರ್ಮ ಕಂಚಿಯಿಂದ ಕೊಟ್ಟ ದಾನಶಾಸನ. ಭಾಷೆ ಪ್ರಾಕೃತ. ಅದರಲ್ಲಿ ಧರ್ಮ ‘ಧಮ್ಮ’ ಆಗಿದೆ, ರಾಷ್ಟ್ರ ‘ರಟ್ಠ’ ಆಗಿದೆ. ಅಷ್ಟೇ ಅಲ್ಲ, ರಾಜನ ಸ್ವಂತ ಹೆಸರಿನ ಸ್ಕಂದ ‘ಖಂದ’ ಆಗಿದೆ! ಪ್ರಾಕೃತವೇ ಬೇರೆ, ಕನ್ನಡವೇ ಬೇರೆ, ಸರಿ. ಆದ್ರೆ ಕಷ್ಟದ ಒತ್ತಕ್ಷರ ಕಂಡ್ರೆ ನಾಲಿಗೆ ಹುಡುಕೋ ಸುಲಭದ ದಾರಿ ಅದೇ.

ಇಂಗ್ಲಿಷರೂ ಅದೇ ದಾರಿ ಹಿಡಿದವರು. ‘ನೈಫ್’ ಪದದ ಮೊದಲ ಅಕ್ಷರ ಕೆ. ಹಿಂದೆ ಅದನ್ನ ಉಚ್ಚರಿಸ್ತಿದ್ರು, ಆಮೇಲೆ ಬಿಟ್ರು. ಲಂಡನ್ನಿನವರು ‘ಕಾರ್’ ಅನ್ನುವಾಗ ಕೊನೆಯ ‘ರ್’ ನುಂಗ್ತಾರೆ, ಅಮೆರಿಕದ ಬಹುತೇಕರು ಒತ್ತಿ ಹೇಳ್ತಾರೆ. ಅವರು ಬಿಟ್ರೆ ಅದು ಅಕ್ಸೆಂಟ್, ನಮ್ಮಪ್ಪ ಬಿಟ್ರೆ ತಪ್ಪು. ಲೆಕ್ಕ ಓದಿದವನು ನಾನು. ಈ ಲೆಕ್ಕ ಮಾತ್ರ ತಾಳೆ ಆಗಲ್ಲ. ಖಂದ ಅಂದ್ರೆ ಯಾರೂ ನಗಲಿಲ್ಲ, ಯಾಕಂದ್ರೆ ಹಾಗೆ ಬರೆಸಿದವನು ರಾಜ.

ಮೊನ್ನೆ ಊರಿಗೆ ಹೊರಟಾಗ ಫೋನ್ ಮಾಡಿದೆ. “ಅಪ್ಪಾ, ಟೇಸನ್ ಹತ್ರ ಇಳೀಲಾ?”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಅಂದ್ರು, “ಹೂಂ, ಟೇಸನ್ ಹತ್ರನ ನಿಂತಿರ್ತೀನಿ, ಬಾ.”