ದೋಣಿಯ ತಳದ ಕಥೆ

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಯಲಹಂಕದಲ್ಲಿ ಹಾಯಿದೋಣಿ ಇಟ್ಟುಕೊಂಡವನ ಮೇಲೆ ಓಣಿಯ ಜನಕ್ಕೆ ಒಂದಿಷ್ಟು ಅನುಮಾನ ಇದ್ದೇ ಇರುತ್ತದೆ. ಊರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ಯಲಹಂಕ ನಾಡಪ್ರಭುಗಳು ಹಾಗೂ ಅವರಿಗಿಂತ ಹಿಂದಿನವರು ಏರಿ ಹಾಕಿ ಮಳೆನೀರನ್ನು ನಿಲ್ಲಿಸಿಕೊಂಡದ್ದರಿಂದ ಈ ಸೀಮೆಗೆ ಕೆರೆಗಳು ಬಂದವು. ಆ ಕೆರೆಗಳನ್ನು ಕಟ್ಟಿದ್ದು ಗದ್ದೆಗೆ ನೀರು ಹರಿಸುವುದಕ್ಕೆ, ಹಾಯಿ ಬಿಚ್ಚುವುದಕ್ಕಲ್ಲ. ಆದ್ದರಿಂದ ನಮ್ಮ ಕಾರ್ ಶೆಡ್ಡಿನಲ್ಲಿ ಮಗುಚಿಟ್ಟಿರುವ ಹನ್ನೊಂದು ಅಡಿಯ ಪ್ಲೈವುಡ್ ದೋಣಿಯನ್ನು ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಏನ್ ಸಾರ್, ಹೆಬ್ಬಾಳ ಕೆರೆಗೆ ಬಿಡ್ತೀರಾ?"

ದೋಣಿ ನನ್ನದಲ್ಲ. ಕಾರವಾರದಲ್ಲಿದ್ದ ನಮ್ಮ ಭಾವನವರದು. ಅವರು ಮನೆ ಬದಲಿಸಿದಾಗ ಅದು ಲಾರಿ ಹತ್ತಿ ಘಟ್ಟದ ಮೇಲಕ್ಕೆ ಬಂತು. ಈಗ ಅವರ ಮೊಮ್ಮಗ, ಹದಿನಾಲ್ಕು ವರ್ಷದ ಹುಡುಗ, ರಜೆಯಲ್ಲಿ ಅದನ್ನು ಕಾಳಿ ನದಿಯ ಅಳಿವೆಗೆ ಒಯ್ಯುವ ಹಟ ಹಿಡಿದಿದ್ದಾನೆ. ಹಾಗಾಗಿ ಅದರ ತಳ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ತಳವೆಂದರೆ ಮುಖ್ಯವಾಗಿ ಕೀಲ್. ದೊಡ್ಡ ಹಡಗಿಗೆ ಅದು ಬೆನ್ನುಮೂಳೆ. ನಮ್ಮಂಥ ಸಣ್ಣ ಹಾಯಿದೋಣಿಯಲ್ಲಿ ಅದರ ಬದಲಿಗೆ ನಡುವೆ ಒಂದು ಮರದ ಗೂಡಿದ್ದು, ಅದರೊಳಗಿಂದ ಕಬ್ಬಿಣದ ಹಲಗೆಯೊಂದು ನೀರಿಗಿಳಿಯುತ್ತದೆ. ಗಾಳಿ ಹಾಯಿಯನ್ನು ಪಕ್ಕಕ್ಕೆ ತಳ್ಳಿದಾಗ ಈ ಹಲಗೆ ನೀರನ್ನು ಒತ್ತಿ ಹಿಡಿಯುವುದರಿಂದ ದೋಣಿ ಅಡ್ಡಕ್ಕೆ ಜಾರದೆ ಮುಂದಕ್ಕೆ ಸಾಗುತ್ತದೆ.

ಕೀಲ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಆನೆಗೊಂದಿಯ ಹತ್ತಿರ ಜನ ಹೊಳೆ ದಾಟುತ್ತಿದ್ದ ಹರಿಗೋಲು ಬುಟ್ಟಿಯ ಹಾಗೆ ದುಂಡಗಿತ್ತು. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತಿತ್ತಾದರೂ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತಿತ್ತೆಂದು ಅವನಿಗೆ ಸೋಜಿಗ. ಸಮುದ್ರ ದಾಟಿ ಬಂದವನಿಗೆ ಹಾಗೆ ಕಂಡದ್ದು ಸಹಜ. ಆದರೆ ಬಂಡೆಗಳ ನಡುವೆ ಹರಿಯುವ ತುಂಗಭದ್ರೆಯಲ್ಲಿ ಕೀಲ್ ಇದ್ದ ದೋಣಿ ಮೊದಲ ಕಲ್ಲಿಗೇ ಬಡಿದು ನಿಲ್ಲುತ್ತಿತ್ತು. ಹರಿಗೋಲಿಗೆ ಗೇಣುದ್ದ ನೀರು ಸಾಕು. ತೂತು ಬಿದ್ದರೆ ದಡಕ್ಕೆಳೆದು ತೇಪೆ ಹಾಕಿದರಾಯಿತು.

ಕರಾವಳಿಯವರ ಕಷ್ಟ ಬೇರೆ. ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳುವಿದೆ. ತಳಕ್ಕೆ ಅಂಟಿಕೊಂಡು ವೇಗ ತಗ್ಗಿಸುವ ಚಿಪ್ಪುಗಳಿವೆ. ನಮ್ಮ ಕಡಲಿನವರು ತಳಕ್ಕೆ ಸುಣ್ಣ ಮತ್ತು ಕೊಬ್ಬು ಕಲಸಿ ಬಳಿಯುತ್ತಿದ್ದರು, ಮೇಲ್ಭಾಗಕ್ಕೆ ಮೀನೆಣ್ಣೆ ಹಚ್ಚುತ್ತಿದ್ದರು. ಇಂಗ್ಲಿಷರ ನೌಕಾಪಡೆ 1761ರಲ್ಲಿ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ನೋಡಿತು. ಎರಡು ವರ್ಷದ ಮೇಲೆ ಪರೀಕ್ಷಿಸಿದಾಗ ಹುಳುವಿನ ಕಾಟ ತಪ್ಪಿತ್ತು, ಆದರೆ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಸವೆದು ಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಚೆನ್ನಾಗಿ ಉಳಿದಿದ್ದವು. ತಾಮ್ರದ ಹಾಳೆಗಳಿಗೆ ಸುತ್ತಿ ಬಂದಿದ್ದ ಕಂದು ಕಾಗದವನ್ನು ಕೆಲಸಗಾರರು ಬಿಚ್ಚದೆಯೇ ಮೊಳೆ ಹೊಡೆದಿದ್ದರು. ಎಲ್ಲಿ ಆ ಕಾಗದ ಎರಡು ಲೋಹಗಳ ನಡುವೆ ಸಿಕ್ಕಿಕೊಂಡಿತ್ತೋ ಅಲ್ಲಿ ಕಬ್ಬಿಣ ಉಳಿದಿತ್ತು. ವೋಲ್ಟಾ ವಿದ್ಯುತ್ ಬ್ಯಾಟರಿ ಮಾಡಿದ್ದು 1800ರಲ್ಲಿ. ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲೇ ಆ ಹಡಗಿನ ತಳವೆಲ್ಲ ಒಂದು ಬ್ಯಾಟರಿಯಾಗಿತ್ತು: ಉಪ್ಪುನೀರಿನಲ್ಲಿ ತಾಮ್ರವೂ ಕಬ್ಬಿಣವೂ ಒಂದನ್ನೊಂದು ಮುಟ್ಟಿದರೆ ಕಬ್ಬಿಣ ಕರಗಬೇಕಾದದ್ದೇ.

ನಮ್ಮ ದೋಣಿಯಲ್ಲಿ ನಡೆದದ್ದೂ ಅದೇ. ಹಿಂದೆ ರಿಪೇರಿ ಮಾಡಿದವರ್ಯಾರೋ ಕಬ್ಬಿಣದ ಹಲಗೆಯನ್ನು ಹಿತ್ತಾಳೆಯ ಬೋಲ್ಟಿನಿಂದ ತೂಗು ಹಾಕಿದ್ದರು. ಹಿತ್ತಾಳೆ ತುಕ್ಕು ಹಿಡಿಯುವುದಿಲ್ಲವೆಂಬ ಸದುದ್ದೇಶವಿರಬೇಕು. ಬೋಲ್ಟು ಹೊಚ್ಚಹೊಸದರಂತೆ ಹೊಳೆಯುತ್ತಿತ್ತು. ಅದರ ಸುತ್ತಲಿನ ಕಬ್ಬಿಣ ಮಾತ್ರ ಪದರ ಪದರವಾಗಿ ಉದುರಿ, ಬೆರಳು ತೂರುವಷ್ಟು ತೂತಾಗಿತ್ತು. ಅಳಿವೆಯ ನಡುವೆ ಆ ಹಲಗೆ ಕಳಚಿ ಬಿದ್ದಿದ್ದರೆ, ಹಾಯಿಗೆ ಗಾಳಿ ತುಂಬಿಕೊಂಡು ಹುಡುಗನ ಸಮೇತ ದೋಣಿ ಕಡಲಿನತ್ತ ಜಾರುತ್ತಿತ್ತು. ಮೇಲಿನಿಂದ ನೋಡಿದವರಿಗೆ ಇದೊಂದೂ ಕಾಣುವಂತಿರಲಿಲ್ಲ.

ಯಶವಂತಪುರದ ಒಂದು ಲೇತ್ ಅಂಗಡಿಯಲ್ಲಿ ತೂತನ್ನು ವೆಲ್ಡ್ ಮಾಡಿ ತುಂಬಿಸಿ, ಮತ್ತೆ ಸರಿಯಾದ ಅಳತೆಗೆ ಕೊರೆಸಿದೆ. ಹಲಗೆಗೂ ಹೊಸ ಕಬ್ಬಿಣದ ಬೋಲ್ಟಿಗೂ ಸತುವಿನ ಲೇಪ ಕೊಡಿಸಿದೆ. ಈ ಲೇಪಕ್ಕೂ ಹಡಗಿಗೂ ನಂಟಿದೆ. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ, ತಾಮ್ರದ ತಳಕ್ಕೆ ಸತುವಿನ ಇಲ್ಲವೆ ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರದ ಬದಲು ಅದೇ ಕರಗುತ್ತದೆಂದು ತೋರಿಸಿದ. ತಾಮ್ರವೇನೋ ಉಳಿಯಿತು, ಆದರೆ ಹಡಗಿನ ತುಂಬ ಚಿಪ್ಪು ಕಚ್ಚಿಕೊಂಡಿತು. ತಾಮ್ರ ತಾನು ಸ್ವಲ್ಪಸ್ವಲ್ಪವೇ ಕರಗುತ್ತಿದ್ದುದರಿಂದಲೇ ಅದರ ವಿಷಕ್ಕೆ ಚಿಪ್ಪು ಅಂಟುತ್ತಿರಲಿಲ್ಲ. ಹಡಗಿನಲ್ಲಿ ಸೋತರೂ ಸತುವಿನ ಉಪಾಯ ಸಾಯಲಿಲ್ಲ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತು ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಮನೆಗಳ ಜಿ.ಐ. ಬಕೆಟ್ಟು, ನಲ್ಲಿ ಪೈಪುಗಳೆಲ್ಲ ಅದರ ಸಂತಾನವೇ.

ಹಲಗೆಯ ಗೂಡಿನ ಬುಡ ಒಂದು ಮೊಳದಷ್ಟು ಕೊಳೆತಿತ್ತು. ಗಟ್ಟಿಮರ ಸಿಗುವ ತನಕ ಕತ್ತರಿಸಿ, ಐ.ಎಸ್. 710 ಮುದ್ರೆಯ ಮೆರೈನ್ ಪ್ಲೈವುಡ್ಡನ್ನು ಇಪಾಕ್ಸಿ ಅಂಟಿನಿಂದ ಕೂರಿಸಿದೆ. ಆ ದರ್ಜೆಯ ಪ್ಲೈವುಡ್ಡಿನ ಅಂಟು 72 ಗಂಟೆ ಕುದಿಯುವ ನೀರಿನಲ್ಲಿದ್ದರೂ ಬಿಡಬಾರದೆಂಬುದು ನಿಯಮ. ಪ್ಲೈವುಡ್ ಉದ್ಯಮದ ಸಂಶೋಧನೆಗೆಂದು 1962ರಲ್ಲಿ ಸಂಸ್ಥೆಯೊಂದು ಆರಂಭವಾದದ್ದು ಇದೇ ಬೆಂಗಳೂರಿನಲ್ಲಿ. ಅದು ನೆಲೆಯೂರಿದ್ದು ಯಶವಂತಪುರದಾಚೆಯ ತುಮಕೂರು ರಸ್ತೆಯಲ್ಲಿ. ಕಡಲಿಲ್ಲದ ಊರಿಗೂ ದೋಣಿಗೂ ಇಷ್ಟಾದರೂ ಸಂಬಂಧವಿದೆಯೆಂದು ನೆರೆಯವರಿಗೆ ಹೇಳಿದ್ದೇನೆ.

ಕೊನೆಯಲ್ಲಿ ಬೋಲ್ಟಿನ ಎರಡೂ ಕಡೆ ರಬ್ಬರ್ ವಾಷರ್ ಹಾಕಿ ಬಿಗಿದೆ. ಅದಕ್ಕೆ ಬಿದ್ದ ಖರ್ಚು ಕೆಲವೇ ರೂಪಾಯಿ. ಪಕ್ಕದಲ್ಲಿ ನಿಂತಿದ್ದ ಹುಡುಗ, "ಮಾವಜ್ಜ, ಇದು ಯಾಕೆ?" ಎಂದ. 'ಅಲಾರ್ಮ್' ಹಡಗಿನ ಕಂದು ಕಾಗದದ ಕಥೆಯನ್ನು ಅವನಿಗೆ ಹೇಳಿದೆ. ಅವನು ಪೂರ್ತಿ ಕೇಳಿ, ಸ್ಪ್ಯಾನರ್ ಇಸಿದುಕೊಂಡು, ನಟ್ಟನ್ನು ತಾನೇ ಇನ್ನೊಂದು ಸುತ್ತು ಬಿಗಿದ.